ಗಾಳಿ ಬಂದಾಗ ತೂರಿಕೊಳ್ಳುವವರು

'ಗಾಳಿ ಬಂದಾಗ ತೂರಿಕೋ' ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದು ಕಣದ ಮಾತು. ಈಗ ಅದು ಷೇರು ಪೇಟೆಯ ಮಾತೂ ಆಗಿದೆ. ಜಗತ್ತಿನ ಬಲಾಬಲ ಬದಲಾಗುತ್ತಿದೆ. ಎಲ್ಲಿ ಯುದ್ಧ ನಡೆದಿದೆ, ಯಾವ ದೇಶಕ್ಕೆ ದಿಗ್ಬಂಧನ ಬಿದ್ದಿದೆ, ಯಾವ ಸಮುದ್ರಮಾರ್ಗಕ್ಕೆ ಅಪಾಯ ಬಂದಿದೆ ಎಂದು ನೋಡಿಕೊಂಡು, ಬೆಲೆ ಓಡುವ ದಿಕ್ಕಿಗೆ ಹಣ ಹಾಕಿದರೆ ಸಾಕು, ಕೂತಲ್ಲೇ ಸಂಪಾದನೆ ಎಂಬ ಉಪದೇಶ ಮೊಬೈಲ್ ಫೋನಿನ ಮೂಲಕ ನಮ್ಮ ಮನೆಗಳ ಒಳಕೋಣೆಗೂ ತಲುಪಿದೆ. ಗಲ್ಫ್‌ನಲ್ಲಿ ದುಡಿಯುವ ಮಗ, ಬೆಂಗಳೂರಿನ ಕಂಪೆನಿಯಲ್ಲಿರುವ ಅಳಿಯ, ಕಾಲೇಜಿನಲ್ಲಿ ಓದುವ ತಮ್ಮ - ಇವರಲ್ಲಿ ಒಬ್ಬರಾದರೂ ಈ ವಿಷಯವನ್ನು ನಿಮ್ಮ ಮುಂದೆ ಎತ್ತಿರಬಹುದು. ಎತ್ತದೆಯೇ ಹಣ ಹಾಕಿರಲೂಬಹುದು.

"ಉಸ್ತಾದರೇ, ಇದು ಹಲಾಲೋ ಹರಾಮೋ, ಒಂದೇ ಮಾತಿನಲ್ಲಿ ಹೇಳಿಬಿಡಿ" ಎಂದು ಯುವಕರು ಕೇಳುತ್ತಾರೆ. ಬಡ್ಡಿಯ ವಿಷಯದಲ್ಲಾದರೆ ಒಂದೇ ಮಾತು ಸಾಕು. ಇಲ್ಲಿ ಸಾಲದು. ಏಕೆಂದರೆ ಹೆಸರು ಒಂದೇ ಆದರೂ ಅದರ ಒಳಗೆ ಎರಡು ಮೂರು ಬೇರೆ ಬೇರೆ ವ್ಯವಹಾರಗಳು ಅಡಗಿವೆ. ಸ್ವಲ್ಪ ತಾಳ್ಮೆಯಿಂದ ಓದಿರಿ.

'ಟ್ರೆಂಡ್ ಹಿಂಬಾಲಿಸುವ ಹೂಡಿಕೆ' ಎಂಬುದು ಹೊಸ ವಿದ್ಯೆಯೇನಲ್ಲ. ರಿಚರ್ಡ್ ಡೋಂಚಿಯನ್ ಎಂಬ ಅಮೆರಿಕನ್ 1949ರಲ್ಲಿಯೇ ಇಂಥ ನಿಧಿಯೊಂದನ್ನು ಆರಂಭಿಸಿದ್ದನು. 1983ರಲ್ಲಿ ಶಿಕಾಗೋದ ವ್ಯಾಪಾರಿ ರಿಚರ್ಡ್ ಡೆನಿಸ್ ಕೆಲವು ಮಂದಿಯನ್ನು ಆರಿಸಿ, ಈ ವಿದ್ಯೆಯನ್ನು ಕೆಲವೇ ದಿನಗಳಲ್ಲಿ ಕಲಿಸಿ, ತನ್ನ ಹಣವನ್ನೇ ಕೊಟ್ಟು ಪೇಟೆಗಿಳಿಸಿದನು. ಅವರ ಸೂತ್ರ ಬಹಳ ಸರಳ. ಒಂದು ಸರಕಿನ ಬೆಲೆ ಕಳೆದ ಇಪ್ಪತ್ತು ದಿನಗಳ ಗರಿಷ್ಠ ಮಟ್ಟವನ್ನು ದಾಟಿತೇ, ಕೊಳ್ಳು. ಹತ್ತು ದಿನಗಳ ಕನಿಷ್ಠ ಮಟ್ಟಕ್ಕಿಂತ ಕೆಳಗೆ ಇಳಿಯಿತೇ, ಮಾರಿ ಹೊರಗೆ ಬಾ. ಏಕೆ ಏರಿತು, ಏಕೆ ಇಳಿಯಿತು ಎಂದು ಕೇಳಬೇಡ. ನಾಳೆ ಏನಾಗುವುದೆಂದು ಊಹಿಸಲೂ ಬೇಡ. ನಷ್ಟವನ್ನು ಬೇಗ ಕತ್ತರಿಸು, ಲಾಭವನ್ನು ಓಡಲು ಬಿಡು.

ನಿಷ್ಪಕ್ಷಪಾತವಾಗಿ ಹೇಳುವುದಾದರೆ ಈ ಸೂತ್ರದಲ್ಲಿ ನನಗೆ ಮೆಚ್ಚುಗೆಯಾಗುವ ಒಂದು ಅಂಶವಿದೆ. ನಾಳಿನದ್ದು ತನಗೆ ತಿಳಿಯದು ಎಂದು ಇದು ಒಪ್ಪಿಕೊಳ್ಳುತ್ತದೆ. ದೂರದರ್ಶನದಲ್ಲಿ ಕುಳಿತು ಮುಂದಿನ ವರ್ಷದ ಬೆಲೆಯನ್ನು ನಿಖರವಾಗಿ ಹೇಳುವ ಪಂಡಿತರಿಗಿಂತ ಇದು ಎಷ್ಟೋ ಮೇಲು. ನಾಳೆ ತಾನೇನು ಗಳಿಸುವೆನೆಂದು ಯಾವ ಜೀವಿಗೂ ತಿಳಿಯದೆಂದು ಲುಕ್ಮಾನ್ ಅಧ್ಯಾಯದ ಕೊನೆಯ ಸೂಕ್ತ ನಮಗೆ ಕಲಿಸಿದೆಯಲ್ಲವೇ? ಪೇಟೆಯ ಮನುಷ್ಯ ಆ ಅರಿವಿನ ಹೊಸ್ತಿಲ ತನಕ ಬಂದಿದ್ದಾನೆ. ಒಳಗೆ ಬಂದಿಲ್ಲ, ಅಷ್ಟೇ.

ಇನ್ನು ಜಗತ್ತಿನ ರಾಜಕೀಯಕ್ಕೂ ಇದಕ್ಕೂ ಇರುವ ನಂಟನ್ನು ನೋಡೋಣ. 2022ರ ಫೆಬ್ರವರಿ 24ರಂದು ರಶ್ಯಾದ ಸೇನೆ ಉಕ್ರೇನ್‌ಗೆ ನುಗ್ಗಿತು. ಈ ಎರಡು ದೇಶಗಳು ಸೇರಿ ಜಗತ್ತಿನ ಗೋಧಿ ರಫ್ತಿನ ಕಾಲು ಭಾಗಕ್ಕಿಂತಲೂ ಹೆಚ್ಚನ್ನು ಪೂರೈಸುತ್ತಿದ್ದವು. ಮಾರ್ಚ್ ತಿಂಗಳಲ್ಲಿ ಶಿಕಾಗೋದ ಪೇಟೆಯಲ್ಲಿ ಗೋಧಿಯ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೇರಿತು. ನಮ್ಮ ಅಡುಗೆಮನೆಗೂ ಅದರ ಬಿಸಿ ತಟ್ಟಿತು. ಭಾರತ ಆಮದು ಮಾಡಿಕೊಳ್ಳುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಆಗ ಉಕ್ರೇನ್‌ನಿಂದಲೇ ಬರುತ್ತಿತ್ತು. ಎಣ್ಣೆಯ ಪ್ಯಾಕೆಟ್ಟಿನ ದರ ಏರಿದ್ದನ್ನು ನಮ್ಮ ಸಹೋದರಿಯರು ಮರೆತಿರಲಾರರು. ಈಜಿಪ್ಟ್‌ನಲ್ಲಿ ರೊಟ್ಟಿಯ ಚಿಂತೆ ಅದಕ್ಕಿಂತ ದೊಡ್ಡದಿತ್ತು. ಅದೇ ವರ್ಷ ಟ್ರೆಂಡ್ ಹಿಂಬಾಲಿಸುವ ನಿಧಿಗಳಿಗೆ ಸುಗ್ಗಿ. ಫ್ರಾನ್ಸಿನ ಸೊಸಿಯೆಟೆ ಜೆನರಾಲ್ ಬ್ಯಾಂಕು ಇಂಥ ನಿಧಿಗಳ ಸೂಚ್ಯಂಕವೊಂದನ್ನು ಪ್ರಕಟಿಸುತ್ತದೆ. ಅದು 2022ರಲ್ಲಿ ಸುಮಾರು ಶೇ. 27ರಷ್ಟು ಏರಿತು. ಅಮೆರಿಕದ ಪ್ರಮುಖ ಷೇರು ಸೂಚ್ಯಂಕವಾದ ಎಸ್ ಆಂಡ್ ಪಿ 500 ಅದೇ ವರ್ಷ ಶೇ. 19ರಷ್ಟು ಕುಸಿದಿತ್ತು.

ಬೆಲೆ ಏರಿದ್ದಕ್ಕೆ ಈ ನಿಧಿಗಳೇ ಕಾರಣವೆಂದು ನಾನು ಹೇಳುತ್ತಿಲ್ಲ. ಯುದ್ಧವೇ ಕಾರಣ. ಆದರೆ ಒಂದು ತುತ್ತು ದುಬಾರಿಯಾದಾಗ ಒಬ್ಬನ ಮನೆಯಲ್ಲಿ ಒಲೆ ಆರುತ್ತದೆ, ಆ ತುತ್ತನ್ನು ಬೆಳೆಯದ, ಸಾಗಿಸದ, ಮುಟ್ಟದ ಇನ್ನೊಬ್ಬನ ಖಾತೆಯಲ್ಲಿ ಅಂಕೆ ಬೆಳೆಯುತ್ತದೆ. ಈ ಅಂಕೆಗೆ ಇಸ್ಲಾಮ್ ಏನೆಂದು ಹೆಸರಿಡುತ್ತದೆ? ಇದೇ ನಮ್ಮ ಪ್ರಶ್ನೆ.

ಉತ್ತರಕ್ಕಾಗಿ ಸಾವಿರದ ನಾನೂರು ವರ್ಷ ಹಿಂದಕ್ಕೆ ಹೋಗೋಣ. ಪ್ರವಾದಿವರ್ಯರು(ಸ) ಮಕ್ಕಾದಲ್ಲಿದ್ದ ದಿನಗಳವು. ಅಂದು ಜಗತ್ತನ್ನು ಆಳುತ್ತಿದ್ದವು ಎರಡು ಮಹಾಶಕ್ತಿಗಳು - ರೋಮ್ ಮತ್ತು ಪರ್ಶಿಯಾ. 614ರಲ್ಲಿ ಪರ್ಶಿಯನ್ನರು ಜೆರುಸಲೇಮನ್ನು ವಶಪಡಿಸಿಕೊಂಡರು. ಮುಂದೆ ಈಜಿಪ್ಟ್ ಕೂಡ ರೋಮನ್ನರ ಕೈಬಿಟ್ಟಿತು. ಚಳಿಗಾಲದಲ್ಲಿ ಯಮನ್‌ಗೂ ಬೇಸಿಗೆಯಲ್ಲಿ ಸಿರಿಯಾಕ್ಕೂ ವ್ಯಾಪಾರ ಹೋಗುತ್ತಿದ್ದ ಕುರೈಶರಿಗೆ ಇದು ದೂರದ ಸುದ್ದಿಯಲ್ಲ, ಹೊಟ್ಟೆಪಾಡಿನ ಸುದ್ದಿ. ವಿಗ್ರಹಾರಾಧಕರು ಪರ್ಶಿಯಾದ ಗೆಲುವಿಗೆ ಹಿಗ್ಗಿದರು. ಗ್ರಂಥದವರಾದ ರೋಮನ್ನರ ಸೋಲಿಗೆ ಮುಸ್ಲಿಮರು ನೊಂದರು. ಆ ಹೊತ್ತಿನಲ್ಲಿ ಅರ್‌ರೂಮ್ ಅಧ್ಯಾಯ ಅವತೀರ್ಣವಾಯಿತು. ಸೋತ ರೋಮನ್ನರು ಕೆಲವೇ ವರ್ಷಗಳಲ್ಲಿ ಗೆಲ್ಲುವರೆಂದು ಅದು ಘೋಷಿಸಿತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಟ್ರೆಂಡ್ ಪೂರ್ತಿಯಾಗಿ ಪರ್ಶಿಯಾದ ಕಡೆಗಿತ್ತು; ಅಲ್ಲಾಹನ ವಚನ ಅದಕ್ಕೆ ವಿರುದ್ಧವಾಗಿತ್ತು.

ಆಗ ನಡೆದ ಒಂದು ಘಟನೆಯನ್ನು ಹದೀಸ್ ಮತ್ತು ತಫ್ಸೀರ್ ಗ್ರಂಥಗಳು ವರದಿ ಮಾಡಿವೆ. ವಿವರಗಳಲ್ಲಿ ವರದಿಗಳು ಭಿನ್ನವಾಗಿವೆ, ತಿರುಳು ಒಂದೇ. ಕುರೈಶರು ಈ ಘೋಷಣೆಯನ್ನು ಗೇಲಿ ಮಾಡಿದಾಗ ಅಬೂಬಕರ್ ಸಿದ್ದೀಕ್(ರ) ಅವರೊಡನೆ ಒಂಟೆಗಳ ಪಣ ಕಟ್ಟಿದರು. ಜೂಜು ಇನ್ನೂ ನಿಷಿದ್ಧವಾಗಿರದ ಕಾಲವದು. ಮೊದಲು ಕಡಿಮೆ ವರ್ಷಗಳ ಅವಧಿ ಹೇಳಿದ್ದರು. 'ಕೆಲವು' ಎಂಬುದಕ್ಕೆ ಕುರ್‌ಆನ್ ಬಳಸಿದ ಪದ ಹತ್ತರ ಒಳಗಿನ ಸಂಖ್ಯೆಗೆ ಸಲ್ಲುತ್ತದೆಂದು ಪ್ರವಾದಿವರ್ಯರು(ಸ) ತಿಳಿಸಿದಾಗ ಅವಧಿಯನ್ನೂ ಪಣವನ್ನೂ ಹೆಚ್ಚಿಸಿದರು. 622ರಿಂದ ರೋಮನ್ ಚಕ್ರವರ್ತಿ ಹೆರಾಕ್ಲಿಯಸ್ ತಿರುಗಿಬಿದ್ದನು. 627ರ ಡಿಸೆಂಬರಿನಲ್ಲಿ ನಿನೆವೆಯ ಬಳಿ ಪರ್ಶಿಯನ್ನರ ಬೆನ್ನುಮೂಳೆ ಮುರಿಯಿತು. ಅಬೂಬಕರ್(ರ) ಪಣ ಗೆದ್ದರು. ಗೆದ್ದ ಒಂಟೆಗಳನ್ನು ಏನು ಮಾಡಬೇಕೆಂದು ಪ್ರವಾದಿವರ್ಯರು(ಸ) ಹೇಳಿದರು ಗೊತ್ತೇ? ದಾನ ಮಾಡಿಬಿಡಿ ಎಂದರು.

ಬಂಧುಗಳೇ, ಈ ಮಾತಿನ ಮುಂದೆ ಸ್ವಲ್ಪ ನಿಲ್ಲಿರಿ. ಜಗತ್ತಿನ ಶಕ್ತಿಗಳ ಏರಿಳಿತದ ಮೇಲೆ ಪಣ ಕಟ್ಟಿದವರು ಎಷ್ಟೋ ಮಂದಿ ಇದ್ದಾರೆ. ಗೆಲುವು ಯಾರದೆಂದು ಸಂದೇಹಕ್ಕೆ ಎಡೆಯಿಲ್ಲದಂತೆ ತಿಳಿದಿದ್ದವರು ಅವರಲ್ಲಿ ಒಬ್ಬರೇ. ಅವರಿಗೆ ಅದನ್ನು ತಿಳಿಸಿದ್ದು ಯಾವುದೇ ನಕ್ಷೆಯಲ್ಲ, ದಿವ್ಯವಾಣಿ. ಅಂಥವರ ಗಳಿಕೆಯೂ ಮನೆಯೊಳಗೆ ಉಳಿಯಲಿಲ್ಲ. ಇಪ್ಪತ್ತು ದಿನಗಳ ಬೆಲೆಪಟ್ಟಿ ನೋಡಿ ಪಣ ಕಟ್ಟುವ ನಮ್ಮ ಗಳಿಕೆ ಯಾವ ಸ್ಥಾನದಲ್ಲಿ ನಿಂತೀತು?

ಇನ್ನೊಂದು ವಿಚಾರ. ರೋಮ್-ಪರ್ಶಿಯಾದ ಸುದ್ದಿಯಿಂದ ಆರಂಭವಾಗುವ ಅದೇ ಅಧ್ಯಾಯ ಮುಂದೆ 39ನೇ ಸೂಕ್ತದಲ್ಲಿ ಬಡ್ಡಿಯ ವಿಷಯಕ್ಕೆ ಬರುತ್ತದೆ. ಜನರ ಸಂಪತ್ತಿನೊಳಗೆ ಸೇರಿ ಬೆಳೆಯಲೆಂದು ಕೊಟ್ಟದ್ದು ಅಲ್ಲಾಹನ ಬಳಿ ಬೆಳೆಯುವುದಿಲ್ಲ, ಅವನ ಸಂಪ್ರೀತಿ ಬಯಸಿ ಕೊಟ್ಟ ಝಕಾತ್ ಬೆಳೆಯುತ್ತದೆ ಎಂಬುದು ಅದರ ತಾತ್ಪರ್ಯ. ಸಾಮ್ರಾಜ್ಯಗಳ ಏರಿಳಿತ ಮತ್ತು ಹಣದ ಏರಿಳಿತ - ಎರಡನ್ನೂ ಒಂದೇ ಅಧ್ಯಾಯದಲ್ಲಿ ಇಟ್ಟಿರುವುದನ್ನು ನಾವು ಎಷ್ಟೋ ಸಲ ಓದಿದ್ದೇವೆ. ಗಮನಿಸಿದ್ದು ಕಡಿಮೆ.

ಹಾಗಾದರೆ ವಿಶ್ವಾಸಿಯು ಜಗತ್ತಿನ ಸುದ್ದಿಗೆ ಕಿವಿ ಮುಚ್ಚಿಕೊಂಡು ವ್ಯಾಪಾರ ಮಾಡಬೇಕೇ? ಖಂಡಿತ ಇಲ್ಲ. ಸಹಾಬಿಗಳಲ್ಲಿ ಎಷ್ಟೋ ಮಂದಿ ದೊಡ್ಡ ವ್ಯಾಪಾರಿಗಳಾಗಿದ್ದರು. ಯಾವ ಊರಲ್ಲಿ ಯಾವ ಸರಕಿಗೆ ಬೇಡಿಕೆಯಿದೆ ಎಂದು ನೋಡಿಯೇ ಒಂಟೆಗೆ ಹೇರು ಕಟ್ಟುತ್ತಿದ್ದರು. ಮದೀನಾದಲ್ಲಿ ಬೆಲೆಗಳು ಏರಿ, ದರ ಗೊತ್ತುಪಡಿಸಿರೆಂದು ಜನರು ಬಂದು ಕೇಳಿಕೊಂಡಾಗಲೂ ಪ್ರವಾದಿವರ್ಯರು(ಸ) ಒಪ್ಪಲಿಲ್ಲ. ಬೆಲೆಯನ್ನು ಏರಿಸುವವನೂ ಇಳಿಸುವವನೂ ಅಲ್ಲಾಹನೆಂದರು. ಬೆಲೆ ಏರುವುದು ಪಾಪವಲ್ಲ, ಏರಿದ ಬೆಲೆಗೆ ತನ್ನ ಸರಕನ್ನು ಮಾರುವುದೂ ಪಾಪವಲ್ಲ. ಆದರೆ ಆ ಮಾರುಕಟ್ಟೆಗೆ ಅವರು ಬೇಲಿ ಹಾಕಿದ್ದರು. ಪೇಟೆಯ ದರ ತಿಳಿಯದ ಹಳ್ಳಿಯವರು ಸರಕು ತರುವಾಗ ದಾರಿಯಲ್ಲೇ ಹೋಗಿ ಕೊಂಡುಬಿಡಬಾರದು. ಬೆಲೆ ಏರಲೆಂದು ಧಾನ್ಯ ಕೂಡಿಡಬಾರದು. ಕೊಳ್ಳುವ ಇಚ್ಛೆಯಿಲ್ಲದೆ ಬೆಲೆ ಕೂಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ತನ್ನ ಬಳಿ ಇಲ್ಲದ್ದನ್ನು ಮಾರಬಾರದು. ಹಕೀಮ್ ಬಿನ್ ಹಿಝಾಮ್(ರ) ಎಂಬ ವ್ಯಾಪಾರಿ ಸಹಾಬಿ ಈ ಬಗ್ಗೆ ನೇರವಾಗಿಯೇ ಕೇಳಿದ್ದರು. ಗಿರಾಕಿ ಬಂದು ಕೇಳುತ್ತಾನೆ, ಸರಕು ನನ್ನಲ್ಲಿಲ್ಲ, ಮಾರಿ ಆಮೇಲೆ ಪೇಟೆಯಿಂದ ತಂದುಕೊಡಲೇ ಎಂದು. ಬೇಡವೆಂದು ಉತ್ತರ ಸಿಕ್ಕಿತು.

ಮರ್ವಾನನು ಮದೀನಾದ ಗವರ್ನರನಾಗಿದ್ದ ಕಾಲದಲ್ಲಿ ನಡೆದ ಘಟನೆಯೊಂದು ಇಮಾಮ್ ಮಾಲಿಕ್‌ರ(ರ) ಮುವತ್ತಾದಲ್ಲಿದೆ. ಕೆಂಪು ಸಮುದ್ರದ ಅಲ್-ಜಾರ್ ಬಂದರಿನ ಧಾನ್ಯಕ್ಕೆ ಸರಕಾರ ಚೀಟಿಗಳನ್ನು ಕೊಡುತ್ತಿತ್ತು. ಚೀಟಿ ತೋರಿಸಿದವನಿಗೆ ಇಷ್ಟು ಧಾನ್ಯ ಎಂದು ಲೆಕ್ಕ. ಜನರು ಧಾನ್ಯವನ್ನು ಪಡೆಯುವ ಮೊದಲೇ ಆ ಚೀಟಿಗಳನ್ನು ಕೈಯಿಂದ ಕೈಗೆ ಮಾರತೊಡಗಿದರು. ಝೈದ್ ಬಿನ್ ಸಾಬಿತ್(ರ) ಮತ್ತೊಬ್ಬ ಸಹಾಬಿಯೊಂದಿಗೆ ಮರ್ವಾನನ ಬಳಿಗೆ ಹೋಗಿ, ನೀನು ಬಡ್ಡಿಯನ್ನು ಹಲಾಲ್ ಮಾಡುತ್ತಿದ್ದೀಯಾ ಎಂದು ಪ್ರಶ್ನಿಸಿದರು. ಮರ್ವಾನನು ಕಾವಲುಗಾರರನ್ನು ಕಳುಹಿಸಿ ಚೀಟಿಗಳನ್ನು ಕಿತ್ತುಕೊಂಡು ಮೂಲ ಒಡೆಯರಿಗೆ ಹಿಂದಿರುಗಿಸಿದನು. ಕಾಗದದ ಮೇಲಿನ ಗೋಧಿಯ ವ್ಯಾಪಾರ ಶಿಕಾಗೋದಲ್ಲಿ ಹುಟ್ಟಿತೆಂದು ತಿಳಿದವರು ಇದನ್ನು ಓದಬೇಕು.

ಈಗ ವಾಯಿದಾ ಪೇಟೆಗೆ ಬನ್ನಿ. ಇಂಗ್ಲಿಷಿನಲ್ಲಿ ಇದನ್ನೇ ಫ್ಯೂಚರ್ಸ್ ಎನ್ನುತ್ತಾರೆ; ಟ್ರೆಂಡ್ ಹಿಂಬಾಲಿಸುವ ದೊಡ್ಡ ನಿಧಿಗಳೆಲ್ಲ ಹೆಚ್ಚಾಗಿ ವ್ಯವಹರಿಸುವುದು ಇಲ್ಲಿಯೇ. ಮೂರು ತಿಂಗಳ ನಂತರ ಕೊಡಬೇಕಾದ ಸರಕನ್ನು ಇಂದು ಒಂದು ಬೆಲೆಗೆ ಒಪ್ಪಿಕೊಳ್ಳುತ್ತಾರೆ. ಮಾರುವವನ ಬಳಿ ಸರಕಿಲ್ಲ, ಕೊಳ್ಳುವವನು ಬೆಲೆಯನ್ನೂ ಕೊಟ್ಟಿಲ್ಲ. ಸಣ್ಣದೊಂದು ಠೇವಣಿ ಮಾತ್ರ ಇಟ್ಟಿರುತ್ತಾನೆ. ಅವಧಿ ಮುಗಿಯುವ ಮೊದಲು ಬಹುತೇಕರು ವ್ಯತ್ಯಾಸದ ಹಣ ಪಡೆದೋ ಕೊಟ್ಟೋ ಹೊರಬೀಳುತ್ತಾರೆ. ಇದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ 2020ರ ಏಪ್ರಿಲ್ 20 ಸಾಕ್ಷಿ. ಕೊರೋನಾದಿಂದ ಜಗತ್ತು ಸ್ತಬ್ಧವಾಗಿತ್ತು, ಅಮೆರಿಕದ ಕಚ್ಚಾತೈಲಕ್ಕೆ ಇಟ್ಟುಕೊಳ್ಳಲು ಜಾಗವಿರಲಿಲ್ಲ. ಮೇ ತಿಂಗಳ ವಾಯಿದಾ ಕೊಂಡಿದ್ದವರಲ್ಲಿ ಹಲವರು ಎಣ್ಣೆಯ ಪೀಪಾಯಿಯನ್ನು ಕಣ್ಣಿನಿಂದಲೂ ನೋಡಿದವರಲ್ಲ. ಎಣ್ಣೆ ಬಂದರೆ ಏನು ಮಾಡುವುದು? ಆ ದಿನ ಬೆಲೆ ಸೊನ್ನೆಗಿಂತಲೂ ಕೆಳಗಿಳಿದು ಪೀಪಾಯಿಗೆ ಮೈನಸ್ 37.63 ಡಾಲರ್‌ಗೆ ಮುಕ್ತಾಯವಾಯಿತು. ಕೊಂಡವನೇ ಹಣ ಕೊಟ್ಟು 'ಇದನ್ನು ತೆಗೆದುಕೊಂಡು ಹೋಗು' ಎಂದು ಬೇಡಿಕೊಳ್ಳಬೇಕಾಯಿತು. ಸರಕನ್ನು ಸ್ವಾಧೀನಕ್ಕೆ ಪಡೆಯದೆ ಮಾರಬೇಡಿ ಎಂಬ ನಿಯಮ ಯಾವುದೋ ಕಾಲದ ಮರುಭೂಮಿಯವರಿಗೆ ಎನ್ನುವವರು ಆ ದಿನವನ್ನು ನೆನೆಯಲಿ.

ರೈತನಿಗೆ ಮುಂಗಡ ಹಣ ಬೇಕಾಗುತ್ತದಲ್ಲ ಎಂದು ಕೇಳಿದರೆ, ಅದಕ್ಕೆ ಶರೀಅತ್‌ನಲ್ಲಿ 'ಸಲಮ್' ಎಂಬ ದಾರಿ ಇದ್ದೇ ಇದೆ. ಅಳತೆ, ತೂಕ, ಅವಧಿ ಸ್ಪಷ್ಟವಾಗಿರಬೇಕು. ಬೆಲೆಯನ್ನು ಪೂರ್ತಿಯಾಗಿ ಮೊದಲೇ ಕೊಡಬೇಕು. ಮದೀನಾದ ತೋಟಗಾರರು ಹಾಗೆ ಖರ್ಜೂರ ಮಾರುತ್ತಿದ್ದರು. ಅಲ್ಲಿ ರೈತನ ಕೈಗೆ ಹಣ ಸೇರುತ್ತದೆ. ವಾಯಿದಾ ಪೇಟೆಯಲ್ಲಿ ಯಾರ ಕೈಗೆ ಏನು ಸೇರುತ್ತದೆ? 1992ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯ ವಿದ್ವಾಂಸರು ಎರಡೂ ಕಡೆಯ ಕೊಡುಕೊಳ್ಳುವಿಕೆ ಮುಂದಕ್ಕೆ ಉಳಿಯುವ ಇಂಥ ವಾಯಿದಾ ಒಪ್ಪಂದ, ಆಪ್ಶನ್ಸ್ ಮತ್ತು ಸೂಚ್ಯಂಕಗಳ ಮೇಲಿನ ವ್ಯಾಪಾರವನ್ನು ಧರ್ಮಸಮ್ಮತವಲ್ಲವೆಂದು ತೀರ್ಮಾನಿಸಿದರು. ಧರ್ಮಬದ್ಧ ಕಸುಬಿನ ಕಂಪೆನಿಗಳ ಷೇರು ಕೊಳ್ಳುವುದಕ್ಕೆ ಅವರು ತಡೆಯೊಡ್ಡಲಿಲ್ಲ.

ನಮ್ಮ ಊರುಗಳಲ್ಲಿ 'ಓಸಿ' ಎಂಬ ಮಟ್ಕಾದ ಹೆಸರು ಕೇಳದವರಿಲ್ಲ. ಎಷ್ಟು ಸಂಸಾರಗಳನ್ನು ಅದು ಬೀದಿಗೆ ತಂದಿದೆ ಎಂದು ಬೇರೆ ಹೇಳಬೇಕಿಲ್ಲ. ಓಸಿ ಎಂದರೆ ಓಪನ್-ಕ್ಲೋಸ್. ಈ ಜೂಜು ಮುಂಬಯಿಯಲ್ಲಿ ಆರಂಭವಾದದ್ದೇ ನ್ಯೂಯಾರ್ಕಿನ ಹತ್ತಿ ಪೇಟೆಯ ಆರಂಭ ಮತ್ತು ಮುಕ್ತಾಯದ ದರಗಳ ಮೇಲೆ! ಮುಂದೆ ಆ ದರಗಳು ಬರುವುದು ನಿಂತಾಗ ಮಡಕೆಯೊಳಗೆ ಚೀಟಿ ಹಾಕಿ ಎತ್ತಿದರು, ಮಟ್ಕಾ ಎಂದು ಹೆಸರಾಯಿತು. ಹತ್ತಿ ಬೇಕಿಲ್ಲದವರಿಗೆ ಹತ್ತಿಯ ದರವಾದರೇನು, ಮಡಕೆಯ ಚೀಟಿಯಾದರೇನು? ಇಂದು ಮಡಕೆ ಮೊಬೈಲಿನೊಳಗೆ ಬಂದಿದೆ. ಷೇರು ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಫ್ಯೂಚರ್ಸ್-ಆಪ್ಶನ್ಸ್ ವ್ಯವಹಾರದಲ್ಲಿ 2021-22ರಿಂದ 2023-24ರ ತನಕದ ಮೂರು ವರ್ಷಗಳಲ್ಲಿ ಒಂದು ಕೋಟಿಗಿಂತ ಹೆಚ್ಚು ಬಿಡಿ ಹೂಡಿಕೆದಾರರಲ್ಲಿ ಶೇ. 93 ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. 'ನಾನು ಉಳಿದ ಏಳು ಮಂದಿಯಲ್ಲಿ ಒಬ್ಬ' ಎಂದುಕೊಳ್ಳದವರು ಆ ತೊಂಬತ್ತಮೂರರಲ್ಲಿ ಯಾರಿದ್ದರು?

ಇಲ್ಲಿಯ ತನಕ ಹೇಳಿದ್ದು ಫಿಕ್ಹ್‌ನ ಮಾತು. ಇನ್ನು ಹೇಳಬೇಕಾದದ್ದು ಹೃದಯದ ಮಾತು. ನನಗೆ ಹೆಚ್ಚು ಭಯವಿರುವುದು ಇದರ ಬಗ್ಗೆಯೇ. 2022ರಲ್ಲಿ ಯುದ್ಧ ಆರಂಭವಾದ ಕೆಲವೇ ವಾರಗಳಲ್ಲಿ ಜರ್ಮನಿಯ ಶಸ್ತ್ರಾಸ್ತ್ರ ಕಂಪೆನಿ ರೈನ್‌ಮೆಟಾಲ್‌ನ ಷೇರು ಬೆಲೆ ಸುಮಾರು ಇಮ್ಮಡಿಯಾಯಿತು. ಟ್ರೆಂಡ್ ಹಿಂಬಾಲಿಸುವವನಿಗೆ ಇದು ಕೇವಲ ಮೇಲೇರುವ ಗೆರೆ. ಆ ಗೆರೆ ಏಕೆ ಏರಿತೆಂದು ಕೇಳಬಾರದೆಂಬುದೇ ಅವನ ಸೂತ್ರ. ವಿಶ್ವಾಸಿಗಾದರೋ ಏಕೆ ಎಂಬುದೇ ಮೊದಲ ಪ್ರಶ್ನೆ. ಸಂಪತ್ತನ್ನು ಎಲ್ಲಿಂದ ಗಳಿಸಿದೆ, ಎಲ್ಲಿ ವ್ಯಯಿಸಿದೆ ಎಂಬ ವಿಚಾರಣೆಗೆ ಉತ್ತರಿಸದೆ ಅಂತ್ಯದಿನದಲ್ಲಿ ಯಾರ ಪಾದವೂ ಕದಲದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. 'ಬೆಲೆ ಏರುತ್ತಿತ್ತು, ಅದಕ್ಕೆ ಕೊಂಡೆ' ಎಂಬುದು ಅಲ್ಲಿ ಉತ್ತರವಾದೀತೇ?

2023ರ ಕೊನೆಯಲ್ಲಿ ಗಾಝಾದ ಮಕ್ಕಳ ಚಿತ್ರಗಳನ್ನು ನೋಡಿ ನಮ್ಮ ಮನೆಗಳಲ್ಲಿ ಊಟ ಸೇರದ ದಿನಗಳಿದ್ದವು. ಅದೇ ದಿನಗಳಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಯಾಗಿ, ಅವು ಆಫ್ರಿಕಾ ಖಂಡವನ್ನು ಸುತ್ತಿ ಬರಬೇಕಾಗಿ, ಸಾಗಾಟದ ದರ ಏರಿತು. ಒಬ್ಬನು ಆ ದರದ ಮೇಲೆ ಹಣ ಹಾಕಿದ್ದಾನೆ ಎಂದಿಟ್ಟುಕೊಳ್ಳಿ. ಕದನವಿರಾಮದ ಸುದ್ದಿ ಬರುತ್ತದೆ. ಪಕ್ಕದಲ್ಲಿ ಕುಳಿತ ತಾಯಿ 'ಅಲ್‌ಹಮ್ದುಲಿಲ್ಲಾಹ್' ಎನ್ನುತ್ತಾಳೆ. ಮಗನ ಕೈ ಮೊದಲು ಫೋನಿನತ್ತ ಹೋಗುತ್ತದೆ, ಬೆಲೆ ಎಷ್ಟು ಇಳಿಯಿತೆಂದು ನೋಡಲು. ಅವನು ಕೆಟ್ಟವನಲ್ಲ. ಜುಮಾ ತಪ್ಪಿಸುವವನೂ ಅಲ್ಲ. ಆದರೆ ಶಾಂತಿಯ ಸುದ್ದಿಯಿಂದ ಎದೆ ನಡುಗುವಂಥ ಜಾಗದಲ್ಲಿ ತನ್ನ ಹಣವನ್ನು ಇಟ್ಟಿದ್ದಾನೆ. ಹಣ ಇರುವಲ್ಲಿ ಮನಸ್ಸೂ ಇರುತ್ತದೆ. ಯುದ್ಧ ಮುಂದುವರಿಯಲಿ ಎಂದು ಬಾಯಿಂದ ಯಾರೂ ದುಆ ಮಾಡುವುದಿಲ್ಲ. ಖಾತೆ ಮಾಡುತ್ತದೆ.

ಹಾಗಾದರೆ ಉಳಿತಾಯದ ಹಣವನ್ನು ಏನು ಮಾಡಬೇಕು? ಧರ್ಮಸಮ್ಮತವಾದ ಕಸುಬಿನ ಕಂಪೆನಿಯ ಷೇರನ್ನು ಸ್ವಂತ ಹಣ ಪೂರ್ತಿ ಕೊಟ್ಟು ಕೊಳ್ಳಬಹುದೆಂದು ಇಂದಿನ ಹಲವು ವಿದ್ವಾಂಸರ ಅಭಿಪ್ರಾಯ. ಬಹ್ರೈನ್‌ನ ಲೆಕ್ಕಪರಿಶೋಧನಾ ಸಂಸ್ಥೆ ಆಯೋಫಿ ಇದಕ್ಕೆ ಮಾನದಂಡ ಹಾಕಿದೆ. ಕಂಪೆನಿಯ ಬಡ್ಡಿಸಾಲ ಅದರ ಪೇಟೆಮೌಲ್ಯದ ಶೇ. 30ನ್ನು ಮೀರಬಾರದು, ನಿಷಿದ್ಧ ಮೂಲದ ಆದಾಯ ಶೇ. 5ನ್ನು ಮೀರಬಾರದು, ಆ ಸಣ್ಣ ಅಂಶವನ್ನೂ ಲೆಕ್ಕ ಹಾಕಿ ಬಿಟ್ಟುಕೊಡಬೇಕು. ಇಷ್ಟನ್ನೂ ಒಪ್ಪದ ಉಲಮಾಗಳಿದ್ದಾರೆ, ಅವರ ಎಚ್ಚರಿಕೆಗೂ ಬೆಲೆಯಿದೆ. ನಮ್ಮ ದೇಶದಲ್ಲಿಯೂ 2010ರಲ್ಲಿ ಮುಂಬಯಿ ಷೇರು ಪೇಟೆ ಶರೀಅತ್ ಸೂಚ್ಯಂಕವೊಂದನ್ನು ಆರಂಭಿಸಿತ್ತು. ಹೀಗೆ ಕೊಂಡ ಷೇರನ್ನು ಬೆಲೆ ಇಳಿಮುಖವಾದಾಗ ಮಾರಿ, ಏರುಮುಖವಾದಾಗ ಮತ್ತೆ ಕೊಂಡರೆ ಅದಷ್ಟೇ ಕಾರಣಕ್ಕೆ ಹರಾಮ್ ಎನ್ನಲಾಗದು. ಸರಕು ಕೈಯಲ್ಲಿದೆ, ಸಾಲವಿಲ್ಲ. ಗಾದೆಯ ರೈತನ ಮೊರದಲ್ಲಿ ಕಾಳಿದ್ದಂತೆ. ಆದರೆ ದಲ್ಲಾಳಿಯಿಂದ ಬಡ್ಡಿಗೆ ಹಣ ಪಡೆದು ಕೊಳ್ಳುವುದು, ಕೈಯಲ್ಲಿಲ್ಲದ ಷೇರನ್ನು ಮೊದಲು ಮಾರಿ ಆಮೇಲೆ ಕೊಳ್ಳುವುದು - ಇವೆರಡೂ ಬೇಲಿಯ ಆಚೆಗಿನವು.

ಚಿನ್ನದ ಬಗ್ಗೆಯೂ ಒಂದು ಮಾತು, ಏಕೆಂದರೆ ನಮ್ಮವರ ಕಣ್ಣೆಲ್ಲ ಅದರ ಮೇಲಿದೆ. 2022ರಲ್ಲಿ ರಶ್ಯಾದ ಸುಮಾರು 300 ಬಿಲಿಯನ್ ಡಾಲರ್ ಮೀಸಲು ನಿಧಿಯನ್ನು ಪಾಶ್ಚಾತ್ಯ ದೇಶಗಳು ತಡೆಹಿಡಿದ ಮೇಲೆ, ಡಾಲರ್ ಎಂದಿಗೂ ಸುರಕ್ಷಿತ ಎಂಬ ನಂಬಿಕೆ ಸಡಿಲವಾಯಿತು. ಜಗತ್ತಿನ ಕೇಂದ್ರೀಯ ಬ್ಯಾಂಕುಗಳು 2022ರಿಂದ 2024ರ ತನಕ ಪ್ರತಿ ವರ್ಷ 1000 ಟನ್ನಿಗಿಂತ ಹೆಚ್ಚು ಚಿನ್ನ ಕೊಂಡವು. 2025ರ ಅಕ್ಟೋಬರಿನಲ್ಲಿ ಔನ್ಸಿಗೆ 4000 ಡಾಲರ್ ದಾಟಿತು. ಇನ್ನು ಇಳಿಯುವುದೇ ಇಲ್ಲ ಎನ್ನುವವರು 1980ರ ಜನವರಿಯನ್ನು ಕೇಳಿ ತಿಳಿಯಲಿ. ಇರಾನಿನ ಕ್ರಾಂತಿ, ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶ, ಇವುಗಳಿಂದ 850 ಡಾಲರಿಗೇರಿದ ಚಿನ್ನ 1982ರಲ್ಲಿ 300ಕ್ಕೂ ಕೆಳಗೆ ಬಂದಿತ್ತು. ಕೊಳ್ಳುವುದಾದರೆ ಹಣ ಕೊಟ್ಟು, ಅಲ್ಲೇ ಚಿನ್ನ ಪಡೆದು ಕೊಳ್ಳಿರಿ. ಚಿನ್ನದ ವ್ಯವಹಾರ ಕೈಯಿಂದ ಕೈಗೆ ಎಂಬುದು ಪ್ರವಾದಿವರ್ಯರ(ಸ) ಆಜ್ಞೆ.

ಕೊಂಡು ಪೆಟ್ಟಿಗೆಯಲ್ಲಿಟ್ಟ ಚಿನ್ನದ ಝಕಾತ್ ವಿಷಯದಲ್ಲಿ ಅನೇಕರು ಎಡವುತ್ತಾರೆ. ಧರಿಸುವ ಆಭರಣಕ್ಕೆ ಹನಫಿ ಮದ್‌ಹಬ್‌ನಲ್ಲಿ ಝಕಾತ್ ಇದೆ; ನಮ್ಮ ಕರಾವಳಿಯವರು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಮಿತಿಯೊಳಗಿನ ಬಳಕೆಯ ಆಭರಣಕ್ಕೆ ಇಲ್ಲ. ಆದರೆ ಬೆಲೆ ಏರಲೆಂದು ಕೊಂಡಿಟ್ಟ ನಾಣ್ಯ, ಗಟ್ಟಿಗಳಿಗೆ ಎರಡರಲ್ಲಿಯೂ ಇದೆ. 20 ಮಿಸ್ಕಾಲ್, ಅಂದರೆ 85ರಿಂದ 87.5 ಗ್ರಾಂ ಆಗಿ ಒಂದು ಚಾಂದ್ರ ವರ್ಷ ಕಳೆದರೆ ಶೇ. 2.5. ಮಾರುವ ಉದ್ದೇಶದಿಂದ ಕೊಂಡ ಷೇರುಗಳ ಝಕಾತನ್ನೂ ಅಂದಿನ ಪೇಟೆಬೆಲೆಯ ಮೇಲೆಯೇ ಕೊಡಬೇಕು. 2019ರಲ್ಲಿ ಕೊಂಡ ನಾಣ್ಯದ ರಸೀದಿ ನೋಡಿ ಇಂದಿನ ಝಕಾತ್ ಲೆಕ್ಕ ಮಾಡುವವರಿದ್ದಾರೆ. ರಸೀದಿಯನ್ನು ಪೆಟ್ಟಿಗೆಯಲ್ಲೇ ಬಿಡಿ. ವರ್ಷ ತುಂಬಿದ ದಿನ ಗಂಡ-ಹೆಂಡತಿ ಜೊತೆಯಾಗಿ ಕುಳಿತು, ತೂಕ ಬರೆದು, ಆ ದಿನದ ಪತ್ರಿಕೆಯ ದರದಿಂದ ಗುಣಿಸಿರಿ.